ಲೆಕ್ಕದ ಗುರು ಆಡಂ ರೀಸ್

ಜರ್ಮನಿಯಲ್ಲಿ ಯಾರಾದರೂ ಒಂದು ಲೆಕ್ಕವನ್ನು ಮಾಡಿ, ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲವೆಂದು ಹೇಳಬೇಕಾದರೆ, "ಆಡಂ ರೀಸನ ಪ್ರಕಾರ ಇಷ್ಟಾಯಿತು" ಎನ್ನುವ ರೂಢಿಯುಂಟು. ರೀಸನು ಗತಿಸಿ ನಾನೂರ ಅರವತ್ತು ವರ್ಷಗಳ ಮೇಲಾದುವು. ರಾಜನೂ ಅಲ್ಲದ, ಸೇನಾಪತಿಯೂ ಅಲ್ಲದ ಒಬ್ಬ ಉಪಾಧ್ಯಾಯನ ಹೆಸರು ಹೀಗೆ ಜನರ ನಾಲಗೆಯ ಮೇಲೆ ನಿಂತುದು ಹೇಗೆಂಬುದನ್ನು ಈಗ ವಿಚಾರಮಾಡೋಣ.

ರೀಸನು 1492ರ ಸುಮಾರಿನಲ್ಲಿ ಫ್ರಾಂಕೋನಿಯಾ ಪ್ರಾಂತದ ಸ್ಟಾಫೆಲ್‌ಸ್ಟೈನ್ ಎಂಬ ಊರಿನಲ್ಲಿ ಜನಿಸಿದನು. 1518ರಲ್ಲಿ ಏರ್‌ಫರ್ಟ್ ನಗರಕ್ಕೆ ಬಂದು, ಅಲ್ಲಿ ಲೆಕ್ಕದ ಪಾಠಶಾಲೆಯೊಂದನ್ನು ನಡೆಸಿದನು. ಆ ಕಾಲದಲ್ಲಿ ಯೂರೋಪಿನ ವಿದ್ವಾಂಸರು ಶಾಸ್ತ್ರಗ್ರಂಥಗಳನ್ನು ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯಲ್ಲಿ ಬರೆಯುತ್ತಿದ್ದರು. ಅಂಗಡಿಯವನಿಗೂ ಕಮ್ಮಾರನಿಗೂ ಆ ಭಾಷೆಯು ತಿಳಿಯದು. ರೀಸನು ತನ್ನ ಪಾಠಪುಸ್ತಕಗಳನ್ನು ಅವರಾಡುವ ಜರ್ಮನ್ ನುಡಿಯಲ್ಲಿಯೇ ರಚಿಸಿದನು.

ಮೊದಲನೆಯ ಪುಸ್ತಕವು ಗೆರೆಗಳ ಮೇಲಿನ ಲೆಕ್ಕವನ್ನು ಕುರಿತುದು. ಹಲಗೆಯ ಮೇಲೆ ಅಡ್ಡಗೆರೆಗಳನ್ನೆಳೆದು ಬಿಲ್ಲೆಗಳನ್ನಿಡುವುದೇ ಈ ಕ್ರಮ. ಎಲ್ಲಕ್ಕೂ ಕೆಳಗಿನ ಗೆರೆಯಲ್ಲಿಟ್ಟ ಬಿಲ್ಲೆಗೆ ಒಂದರ ಬೆಲೆ. ಅದರ ಮೇಲಿನ ಗೆರೆಯಲ್ಲಿ ಹತ್ತು. ಅದಕ್ಕೂ ಮೇಲೆ ನೂರು. ಎರಡು ಗೆರೆಗಳ ನಡುವೆ ಇಟ್ಟ ಬಿಲ್ಲೆಗೆ ಕೆಳಗೆರೆಯ ಐದರಷ್ಟು ಬೆಲೆ. 27ನ್ನು ತೋರಿಸಬೇಕಾದರೆ ಹತ್ತರ ಗೆರೆಯಲ್ಲಿ ಎರಡು, ಅದರ ಕೆಳಗಣ ಎಡೆಯಲ್ಲಿ ಒಂದು, ಒಂದರ ಗೆರೆಯಲ್ಲಿ ಎರಡು ಬಿಲ್ಲೆಗಳನ್ನಿಟ್ಟರೆ ಸಾಕು. ಓದುಬರಹ ಬಾರದವನೂ ಇದನ್ನು ಕಲಿಯಬಹುದಾಗಿತ್ತು.

1522ರಲ್ಲಿ ಪ್ರಕಟವಾದ ಎರಡನೆಯ ಪುಸ್ತಕದಲ್ಲಿ ಆತನು ಲೇಖನಿಯ ಲೆಕ್ಕವನ್ನೂ ಬೋಧಿಸಿದನು. ಭಾರತದಲ್ಲಿ ಹುಟ್ಟಿ, ಅರಬ್ಬರ ಮೂಲಕ ಯೂರೋಪನ್ನು ಸೇರಿದ, ಸೊನ್ನೆಯನ್ನೊಳಗೊಂಡ ಅಂಕಿಗಳಿಂದ ಮಾಡುವ ಲೆಕ್ಕವೇ ಇದು. ರೋಮನ್ ಅಂಕಿಗಳಿಗೆ ಒಗ್ಗಿದ್ದ ಸಾಮಾನ್ಯ ಜನರಿಗೆ ಇದು ಹೊಸದು. ಮೊದಲು ಬಿಲ್ಲೆಗಳಲ್ಲಿ ಪಳಗಿದ ಬಾಲಕರು ಮುಂದಿನ ಪಾಠವನ್ನು ಬೇಗನೆ ಗ್ರಹಿಸುವರೆಂಬುದನ್ನು ಅನುಭವದಿಂದ ಕಂಡು, ರೀಸನು ಪಾಠಗಳನ್ನು ಆ ಕ್ರಮದಲ್ಲಿಯೇ ಜೋಡಿಸಿದನು. ಈ ಪುಸ್ತಕವು ನೂರಕ್ಕೂ ಹೆಚ್ಚು ಸಲ ಅಚ್ಚಾಯಿತು.

ಬಳಿಕ ಆತನು ಸ್ಯಾಕ್ಸನಿಯ ಬೆಳ್ಳಿಗಣಿಗಳ ಪಟ್ಟಣವಾದ ಆನಬೆರ್ಗಿನಲ್ಲಿ ನೆಲಸಿ, ಶಾಲೆಯನ್ನು ನಡೆಸುತ್ತ, ಗಣಿಗಳ ಲೆಕ್ಕಪತ್ರಗಳ ಅಧಿಕಾರಿಯೂ ಆದನು. ಆಗಿನ ಪಟ್ಟಣಗಳಲ್ಲಿ ರೊಟ್ಟಿಯ ಬೆಲೆಯನ್ನು ಸ್ಥಿರವಾಗಿಟ್ಟು, ಧಾನ್ಯದ ಧಾರಣೆಯು ಏರಿದಂತೆ ಅದರ ತೂಕವನ್ನು ಇಳಿಸುವ ಪದ್ಧತಿಯಿತ್ತು. ಎಷ್ಟು ಇಳಿಸಬೇಕೆಂಬುದು ವ್ಯಸ್ತ ತ್ರೈರಾಶಿಯ ಲೆಕ್ಕ. ಧಾರಣೆಯು ಇಮ್ಮಡಿಯಾದರೆ ತೂಕವು ಅರ್ಧವಾಗಬೇಕು. ಆದರೆ ಧಾರಣೆಯು ಸ್ವಲ್ಪವೇ ಏರಿದಾಗ ನ್ಯಾಯವಾದ ತೂಕವೆಷ್ಟೆಂದು ಹಸಿದು ಬಂದ ಕೂಲಿಕಾರನು ಬಲ್ಲನೆ? ಅವನು ಮೋಸಹೋಗದಿರಲೆಂದು ರೀಸನು 1533ರಲ್ಲಿ ಕೋಷ್ಟಕಗಳನ್ನು ಸಿದ್ಧಪಡಿಸಿದನು. ಧಾನ್ಯದ ಧಾರಣೆಯನ್ನು ನೋಡಿದೊಡನೆ ರೊಟ್ಟಿಯ ತೂಕವು ಅದರಲ್ಲಿ ದೊರೆಯುತ್ತಿತ್ತು. ಲೆಕ್ಕವೆಂಬುದು ಬಡವರ ಪಾಲಿನ ಕಾವಲೆಂಬುದನ್ನು ಆತನು ಹೀಗೆ ತೋರಿಸಿಕೊಟ್ಟನು.

ರೀಸನಿಗೆ ಉನ್ನತ ಗಣಿತವು ತಿಳಿಯದೆ ಇರಲಿಲ್ಲ. ಬೀಜಗಣಿತವನ್ನು ಕುರಿತು 1524ರಲ್ಲಿಯೇ ಆತನು ಗ್ರಂಥವೊಂದನ್ನು ಬರೆದಿದ್ದನು. ಅದು ಆತನ ಜೀವಮಾನದಲ್ಲಿ ಅಚ್ಚಾಗಲಿಲ್ಲ. 1992ರಲ್ಲಿ ಮುದ್ರಣವನ್ನು ಕಂಡಿತು. 1559ರಲ್ಲಿ ಆತನು ಕಾಲವಾದನು. ಬೀಜಗಣಿತದ ಹಸ್ತಪ್ರತಿಯು ಕಾದು ಕುಳಿತಿದ್ದ ಶತಮಾನಗಳಲ್ಲಿ, ಕೂಡುವ ಕಳೆಯುವ ಲೆಕ್ಕದ ಚಿಕ್ಕ ಪುಸ್ತಕವೇ ಆತನ ಹೆಸರನ್ನು ಉಳಿಸಿತು. ವಿದ್ಯೆಯನ್ನು ಜನರ ನುಡಿಯಲ್ಲಿ ಜನರ ಮನೆಬಾಗಿಲಿಗೆ ತಂದವನನ್ನು ಜನರು ತಮ್ಮ ನುಡಿಯಲ್ಲಿಯೇ ಉಳಿಸಿಕೊಂಡರು.