ಘಟ್ಟ ಇಳಿಯುವ ದಂಪತಿಗೆ ಕೆಲವು ಮಾತು

ಮಾದನಾಯಕನಹಳ್ಳಿಯಲ್ಲಿ ಫಜರ್ ನಮಾಝ್ ಮುಗಿಸಿ ಹೊರಬಂದರೆ ಮೊದಲು ಕಿವಿಗೆ ಬೀಳುವುದು ತುಮಕೂರು ರಸ್ತೆಯ ಲಾರಿಗಳ ಸದ್ದು. ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದ ಎಷ್ಟೋ ಮಂದಿ ಈ ಸದ್ದಿನ ನಡುವೆಯೇ ಮಕ್ಕಳನ್ನು ಓದಿಸಿ, ಮದುವೆ ಮಾಡಿಸಿದ್ದಾರೆ. ಇನ್ನಾದರೂ ನಾವಿಬ್ಬರೇ ಎಲ್ಲಾದರೂ ದೂರ ಹೋಗಿಬರೋಣ ಎಂದು ಗಂಡ ಹೆಂಡತಿಗೆ ಅನ್ನಿಸಿದರೆ ಅದು ಒಳ್ಳೆಯ ಆಸೆಯೇ. ಹಾಸಿಗೆ, ಒಲೆ, ನೀರಿನ ತೊಟ್ಟಿ ಇರುವ ಕ್ಯಾರವಾನ್‌ಗಳು ಈಗ ಬೆಂಗಳೂರಿನಲ್ಲೂ ಬಾಡಿಗೆಗೆ ಸಿಗುತ್ತವೆ. ಆದರೆ ಮನೆಯನ್ನೇ ಚಕ್ರದ ಮೇಲಿಟ್ಟು ಬೆಟ್ಟ ಹತ್ತುವ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ.

ಮೊದಲು ದಾರಿ. ನೆಲಮಂಗಲದಲ್ಲಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರ; ಅಲ್ಲಿಂದ ಮುಂದೆ ಶಿರಾಡಿ ಘಾಟಿ. ಮೂಡಿಗೆರೆ ಕಡೆಯಿಂದ ಇಳಿದರೆ ಚಾರ್ಮಾಡಿ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿದ್ದು, ಭಾರಿ ವಾಹನಗಳಿಗೆ ನಿರ್ಬಂಧವಿದೆ. ನಿಮ್ಮ ವಾಹನ ಯಾವ ವರ್ಗಕ್ಕೆ ಸೇರುತ್ತದೆ ಎಂದು ಮೊದಲೇ ವಿಚಾರಿಸಿ. ಊಟಿಗೆ ಹೋಗುವವರು ನೆನಪಿಡಬೇಕಾದದ್ದು ಎರಡು: ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಮತ್ತು 2024ರ ಮೇ ತಿಂಗಳಿನಿಂದ ನೀಲಗಿರಿ ಪ್ರವೇಶಕ್ಕೆ ಇ-ಪಾಸ್ ವ್ಯವಸ್ಥೆ ಜಾರಿಗೆ ಬಂದಿದೆ. ಮಳೆಗಾಲದಲ್ಲಿ ಈ ಪ್ರವಾಸ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗು ಮತ್ತು ಶಿರಾಡಿಯಲ್ಲಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ನಾವು ಮರೆತಿಲ್ಲ.

ಎರಡನೆಯದು ಭಾರ. ಹತ್ತುವಾಗ ಎಂಜಿನ್ ಏದುಸಿರು ಬಿಡುವುದು ಕೇಳಿಸುತ್ತದೆ, ಹಾಗಾಗಿ ಎಲ್ಲರೂ ಎಚ್ಚರದಿಂದಿರುತ್ತಾರೆ. ಇಳಿಯುವಾಗ ಸದ್ದಿರುವುದಿಲ್ಲ, ಅಪಾಯ ಇರುವುದು ಅಲ್ಲೇ. ಮೂರು ಟನ್ ತೂಕದ ವಾಹನ 800 ಮೀಟರ್ ಎತ್ತರದಿಂದ ಕೆಳಗಿಳಿದಾಗ ಹೊರಬೀಳುವ ಶಕ್ತಿ ಸುಮಾರು 75 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಇಡೀ ದಾರಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಶಾಖದ ಬಹುಪಾಲು ಬ್ರೇಕಿನ ಮೇಲೆಯೇ ಬೀಳುತ್ತದೆ. ಪ್ಯಾಡ್‌ಗಳು ಹಿಡಿತ ಕಳೆದುಕೊಳ್ಳುತ್ತವೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿದ್ದರೆ ಕುದಿದು ಆವಿಯಾಗುತ್ತದೆ. ಆಗ ಪೆಡಲ್ ಒತ್ತಿದರೂ ಅದು ಸುಮ್ಮನೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಪರಿಹಾರ ಸುಲಭ. ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರ್‌ನಲ್ಲಿ ಇಳಿಯಿರಿ. ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಬ್ರೇಕನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದ ಮೇಲೆ ಪೂರ್ತಿ ಬಿಡಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯಬೇಡಿ. ಎಂಜಿನ್ ಆರಿಸುವುದಂತೂ ಇನ್ನೂ ಕೆಟ್ಟದ್ದು, ಬ್ರೇಕಿಗೆ ಸಿಗುವ ನೆರವೇ ನಿಂತುಹೋಗುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಹತ್ತಿ ಬರುವ ವಾಹನಕ್ಕೆ ದಾರಿ ಬಿಡಿ. 100 ಲೀಟರ್ ನೀರೆಂದರೆ 100 ಕಿಲೋ ಭಾರ. ಘಾಟಿಗೆ ಮೊದಲೇ ತೊಟ್ಟಿ ತುಂಬಿಸುವ ಅಗತ್ಯವಿಲ್ಲ.

ಮೂರನೆಯದು ನಿದ್ದೆ. ಬೆಟ್ಟದ ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿ, ಎಂಜಿನ್ ಅಥವಾ ಜನರೇಟರ್ ಚಾಲೂ ಇಟ್ಟು ಮಲಗುವವರಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರ್‌ನಿಂದ ಒಳಸೇರಿದ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮಲಗುವಾಗ ಎಂಜಿನ್, ಜನರೇಟರ್, ಒಲೆ ಎಲ್ಲವೂ ಆರಿರಲಿ, ಒಂದು ಕಿಟಕಿ ಸ್ವಲ್ಪ ತೆರೆದಿರಲಿ. ಚಳಿಗೆ ಕಂಬಳಿ ಹೊದೆಯಿರಿ, ಕೆಂಡ ಮಾತ್ರ ಬೇಡ.

ಇನ್ನು ನಮಾಝ್. ಸುಮಾರು 80 ಕಿ.ಮೀ. ಅಥವಾ ಅದಕ್ಕಿಂತ ದೂರದ ಪ್ರಯಾಣಕ್ಕೆ ಹೊರಟವರು ಊರಿನ ಎಲ್ಲೆ ದಾಟಿದ ಮೇಲೆ ಝುಹರ್, ಅಸರ್ ಮತ್ತು ಇಶಾದ ನಾಲ್ಕು ರಕ್‌ಅತ್‌ಗಳನ್ನು ಎರಡಕ್ಕೆ ಇಳಿಸಿ ಖಸ್ರ್ ಮಾಡುತ್ತಾರೆ. ಫಜರ್ ಮತ್ತು ಮಗ್ರಿಬ್‌ನಲ್ಲಿ ಬದಲಾವಣೆಯಿಲ್ಲ. ದಿನಕ್ಕೊಂದು ಊರಿನಲ್ಲಿ ತಂಗುವ ಕ್ಯಾರವಾನ್ ದಂಪತಿ ತಿಂಗಳುಗಟ್ಟಲೆ ತಿರುಗಿದರೂ ಪ್ರಯಾಣಿಕರೇ. ಒಂದೇ ಊರಿನಲ್ಲಿ 15 ದಿನ ಉಳಿಯುವ ನಿಯ್ಯತ್ ಮಾಡಿದರೆ ಹನಫಿಗಳು ಪೂರ್ಣ ನಮಾಝ್ ಮಾಡುತ್ತಾರೆ. ಶಾಫಿಈಗಳಿಗೆ ಈ ಮಿತಿ, ತಲುಪುವ ಮತ್ತು ಹೊರಡುವ ದಿನ ಬಿಟ್ಟು, ನಾಲ್ಕು ದಿನ. ಎರಡು ನಮಾಝ್‌ಗಳನ್ನು ಒಟ್ಟುಗೂಡಿಸಲು ಶಾಫಿಈ ಮದ್‌ಹಬ್‌ನಲ್ಲಿ ಅವಕಾಶವಿದೆ, ಹನಫಿಗಳು ಆಯಾ ವೇಳೆಯಲ್ಲೇ ನಿರ್ವಹಿಸುತ್ತಾರೆ. ಸ್ಥಳೀಯ ಇಮಾಮರ ಹಿಂದೆ ನಿಂತರೆ ನಾಲ್ಕನ್ನೂ ಪೂರ್ಣಗೊಳಿಸಬೇಕು. ಜುಮಾ ಪ್ರಯಾಣಿಕರಿಗೆ ಕಡ್ಡಾಯವಲ್ಲ. ತಪ್ಪಿದರೆ ಝುಹರ್ ಮಾಡಿದರಾಯಿತು. ಆದ್ದರಿಂದ ಖುತ್ಬಾ ಸಿಗಬೇಕೆಂದು ಘಾಟಿಯಲ್ಲಿ ಗಾಡಿ ಓಡಿಸಬೇಡಿ.

ಈ ರಿಯಾಯಿತಿಗಳ ಹಿಂದಿನ ಉದ್ದೇಶವನ್ನು ಗಮನಿಸಿ. ಪ್ರಯಾಣದಲ್ಲಿ ಮನುಷ್ಯ ದಣಿಯುತ್ತಾನೆ ಎಂಬುದು ಅಲ್ಲಾಹನಿಗೆ ಗೊತ್ತಿದೆ. ಕಡ್ಡಾಯ ನಮಾಝನ್ನೇ ಅವನು ನಮಗಾಗಿ ಹಗುರಗೊಳಿಸಿದ್ದಾನೆ. ಹೀಗಿರುವಾಗ, ಇಂದೇ ಮಂಗಳೂರು ಮುಟ್ಟಬೇಕು ಎಂಬ ನಮ್ಮದೇ ಹಟವನ್ನು ಹಗುರಗೊಳಿಸಲು ನಾವೇಕೆ ಒಪ್ಪುವುದಿಲ್ಲ? ನಮಾಝ್‌ಗೆಂದು ಸಮತಟ್ಟಾದ ಜಾಗದಲ್ಲಿ, ತಿರುವಿನಿಂದ ದೂರ ಅರ್ಧ ಗಂಟೆ ನಿಲ್ಲಿಸಿದರೆ ಬ್ರೇಕೂ ತಣಿಯುತ್ತದೆ, ಚಾಲಕನ ಕಣ್ಣಿಗೂ ವಿಶ್ರಾಂತಿ ಸಿಗುತ್ತದೆ.

ಕೊನೆಯದಾಗಿ ಗಂಡಂದಿರಿಗೆ ಒಂದು ಮಾತು. ಪಕ್ಕದ ಸೀಟಿನಲ್ಲಿ ಕುಳಿತ ಹೆಂಡತಿ ಬಹಳ ಸಲ ನಿಮಗಿಂತ ಮೊದಲು ಸುಟ್ಟ ವಾಸನೆಯನ್ನು ಗುರುತಿಸುತ್ತಾಳೆ, ನಿಮ್ಮ ಆಕಳಿಕೆಯನ್ನೂ ಎಣಿಸುತ್ತಿರುತ್ತಾಳೆ. ಆದರೆ ಹೇಳಿದರೆ ಸಿಡುಕುತ್ತೀರೆಂದು ಸುಮ್ಮನಿರುತ್ತಾಳೆ. ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ: ಇಬ್ಬರಲ್ಲಿ ಯಾರು "ನಿಲ್ಲಿಸೋಣ" ಎಂದರೂ ಮರುಮಾತಿಲ್ಲದೆ ಗಾಡಿ ನಿಲ್ಲಬೇಕು. ಜೊತೆಗಿರುವ ಜೀವ ನಿಮ್ಮ ಕೈಗೆ ಬಂದ ಅಮಾನತ್ತು.

ಪ್ರಯಾಣದ ದುಆ ಹೇಳಿ ಹೊರಡಿ. ಹೊರಟವರನ್ನೆಲ್ಲ ಅಲ್ಲಾಹನು ಸುರಕ್ಷಿತವಾಗಿ ಮನೆ ಸೇರಿಸಲಿ, ಆಮೀನ್.