ನಿದ್ರೆಯಲ್ಲಿ ಉಸಿರುಕಟ್ಟುವ ಕಾಯಿಲೆ: ಬಾಯಿಯಲ್ಲಿ ಧರಿಸುವ ಸಾಧನದ ಚಿಕಿತ್ಸೆ ಕುರಿತು ಸಾರ್ವಜನಿಕ ಮಾಹಿತಿ

ಗೊರಕೆಯು ಗಾಢ ನಿದ್ರೆಯ ಲಕ್ಷಣವೆಂಬ ಭಾವನೆ ಜನರಲ್ಲಿ ಸಾಮಾನ್ಯವಾಗಿದೆ. ಆದರೆ ಜೋರಾದ ಗೊರಕೆ ನಡುನಡುವೆ ಥಟ್ಟನೆ ನಿಂತು, ಸ್ವಲ್ಪ ಹೊತ್ತಿನ ನಂತರ ಏದುಸಿರಿನೊಂದಿಗೆ ಮತ್ತೆ ಆರಂಭವಾಗುತ್ತಿದ್ದಲ್ಲಿ ಅದು ನಿದ್ರೆಯಲ್ಲಿ ಉಸಿರುಕಟ್ಟುವ ಕಾಯಿಲೆಯ, ಅಂದರೆ ಸ್ಲೀಪ್ ಆಪ್ನಿಯಾದ ಸೂಚನೆಯಾಗಿರಬಹುದು. ಈ ಕಾಯಿಲೆಗೆ ಮುಖವಾಡದ ಮೂಲಕ ಗಾಳಿ ಒದಗಿಸುವ ಸಿಪ್ಯಾಪ್ ಯಂತ್ರವು ಪ್ರಮುಖ ಚಿಕಿತ್ಸೆಯಾಗಿದೆ. ಆ ಯಂತ್ರವನ್ನು ಬಳಸಲಾಗದವರಿಗೆ ದಂತವೈದ್ಯರು ತಯಾರಿಸಿಕೊಡುವ, ಬಾಯಿಯಲ್ಲಿ ಧರಿಸುವ ಸಾಧನವು ಒಂದು ಪರ್ಯಾಯವಾಗಿದೆ. ಈ ಸಾಧನವನ್ನು ಯಾರು, ಯಾವ ಕ್ರಮದಲ್ಲಿ ಪಡೆಯಬೇಕು ಹಾಗೂ ಅದು ಫಲ ನೀಡಿದೆಯೇ ಎಂಬುದನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಕಾಯಿಲೆ ಎಂದರೇನು?

ನಿದ್ರಿಸುವಾಗ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಗೆಯ ಬುಡ ಹಾಗೂ ಮೃದು ಅಂಗುಳು ಹಿಂದಕ್ಕೆ ಜಾರಿ ಶ್ವಾಸಮಾರ್ಗವನ್ನು ಮುಚ್ಚುತ್ತವೆ. ಉಸಿರು 10 ಸೆಕೆಂಡುಗಳು ಅಥವಾ ಅದಕ್ಕೂ ಹೆಚ್ಚು ಕಾಲ ನಿಂತರೆ ಅದನ್ನು ಒಂದು ಉಸಿರುಕಟ್ಟುವಿಕೆ ಎಂದು ಪರಿಗಣಿಸಲಾಗುತ್ತದೆ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಇಳಿದಂತೆ ಮೆದುಳು ಕ್ಷಣಕಾಲ ಎಚ್ಚೆತ್ತು ಉಸಿರಾಟವನ್ನು ಪುನರಾರಂಭಿಸುತ್ತದೆ. ರಾತ್ರಿಯಿಡೀ ಹೀಗೆ ನಡೆದರೂ ರೋಗಿಗೆ ಬಹುತೇಕ ಇದರ ಅರಿವಿರುವುದಿಲ್ಲ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಮರೆವು ಮತ್ತು ಸಿಡುಕು ಸಾಮಾನ್ಯ ಲಕ್ಷಣಗಳಾಗಿವೆ. ಚಿಕಿತ್ಸೆ ಪಡೆಯದಿದ್ದಲ್ಲಿ ಅಧಿಕ ರಕ್ತದೊತ್ತಡ, ಹೃದ್ರೋಗ ಹಾಗೂ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಕಾಯಿಲೆಯ ತೀವ್ರತೆಯನ್ನು ನಿದ್ರಾ ಪರೀಕ್ಷೆಯಿಂದ ಮಾತ್ರ ನಿರ್ಧರಿಸಲು ಸಾಧ್ಯ. ಉಸಿರಾಟ, ಆಮ್ಲಜನಕದ ಪ್ರಮಾಣ, ಹೃದಯ ಬಡಿತ ಮುಂತಾದವುಗಳನ್ನು ರಾತ್ರಿಯಿಡೀ ದಾಖಲಿಸಿ, ಉಸಿರು ಪೂರ್ಣವಾಗಿ ಕಟ್ಟಿದ ಹಾಗೂ ಗಣನೀಯವಾಗಿ ಕುಗ್ಗಿದ ಸಂದರ್ಭಗಳನ್ನು ಎಣಿಸಲಾಗುತ್ತದೆ. ವಯಸ್ಕರಲ್ಲಿ ಇವುಗಳ ಸಂಖ್ಯೆ ಗಂಟೆಗೆ 5ರಿಂದ 15ರೊಳಗಿದ್ದರೆ ಅಲ್ಪ, 15ರಿಂದ 30ರೊಳಗಿದ್ದರೆ ಮಧ್ಯಮ, 30 ಅಥವಾ ಅದಕ್ಕೂ ಹೆಚ್ಚಿದ್ದರೆ ತೀವ್ರ ಎಂದು ವರ್ಗೀಕರಿಸಲಾಗಿದೆ.

ಸಾಧನವು ಹೇಗೆ ಕಾರ್ಯನಿರ್ವಹಿಸುತ್ತದೆ?

ನಾಲಗೆಯ ಮುಖ್ಯ ಸ್ನಾಯುವು ಕೆಳದವಡೆಯ ಒಳಭಾಗಕ್ಕೆ ಅಂಟಿಕೊಂಡಿರುತ್ತದೆ. ಆದುದರಿಂದ ಕೆಳದವಡೆಯನ್ನು ಮುಂದಕ್ಕೆ ತಂದರೆ ನಾಲಗೆಯ ಬುಡವೂ ಮುಂದಕ್ಕೆ ಬಂದು ಶ್ವಾಸಮಾರ್ಗ ವಿಶಾಲವಾಗುತ್ತದೆ. ಈ ತತ್ತ್ವದ ಮೇಲೆ ರೂಪಿಸಿದ ಸಾಧನದಲ್ಲಿ ಮೇಲಿನ ಹಾಗೂ ಕೆಳಗಿನ ಹಲ್ಲುಗಳ ಮೇಲೆ ಕೂರುವ ಎರಡು ಭಾಗಗಳಿದ್ದು, ಅವು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತವೆ. ಹಲ್ಲುಗಳಿಲ್ಲದವರಿಗಾಗಿ ನಾಲಗೆಯನ್ನೇ ಮುಂದಕ್ಕೆ ಸೆಳೆದು ಹಿಡಿಯುವ ಇನ್ನೊಂದು ಬಗೆಯ ಸಾಧನವೂ ಇದೆ.

ಸಿಪ್ಯಾಪ್ ಯಂತ್ರಕ್ಕೆ ಹೋಲಿಸಿದಾಗ

ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದರು. ಉಸಿರುಕಟ್ಟುವಿಕೆಯ ಸಂಖ್ಯೆಯನ್ನು ತಗ್ಗಿಸುವಲ್ಲಿ ಈ ಯಂತ್ರವೇ ಹೆಚ್ಚು ಪರಿಣಾಮಕಾರಿಯಾಗಿದೆ. ಆದರೆ ಮುಖವಾಡದ ಕಿರಿಕಿರಿ, ಮೂಗು ಒಣಗುವಿಕೆ, ಪದೇ ಪದೇ ಪ್ರಯಾಣ ಅಥವಾ ವಿದ್ಯುತ್ ವ್ಯತ್ಯಯದ ಕಾರಣ ಅನೇಕರು ಅದನ್ನು ನಿಯಮಿತವಾಗಿ ಬಳಸುವುದಿಲ್ಲ. ಪೆಟ್ಟಿಗೆಯಲ್ಲಿಟ್ಟ ಯಂತ್ರದಿಂದ ಪ್ರಯೋಜನವಿಲ್ಲ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಎರಡೂ ಚಿಕಿತ್ಸೆಗಳನ್ನು ತಲಾ ಒಂದು ತಿಂಗಳು ಪರಿಶೀಲಿಸಲಾಯಿತು. ಯಂತ್ರವು ಉಸಿರುಕಟ್ಟುವಿಕೆಯನ್ನು ಹೆಚ್ಚು ತಗ್ಗಿಸಿದರೂ ಜನರು ಸಾಧನವನ್ನು ಹೆಚ್ಚು ಗಂಟೆಗಳ ಕಾಲ ಧರಿಸಿದ್ದರಿಂದ ಆರೋಗ್ಯದ ಫಲಿತಾಂಶಗಳು ಒಟ್ಟಾರೆ ಸಮೀಪವಾಗಿಯೇ ಇದ್ದವು.

ಅಮೆರಿಕದ ನಿದ್ರಾ ವೈದ್ಯಕೀಯ ಹಾಗೂ ದಂತ ನಿದ್ರಾ ವೈದ್ಯಕೀಯ ಸಂಸ್ಥೆಗಳ 2015ರ ಜಂಟಿ ಮಾರ್ಗಸೂಚಿಯು ಸಿಪ್ಯಾಪ್ ಸಹಿಸಲಾಗದ ಅಥವಾ ಪರ್ಯಾಯ ಬಯಸುವ ವಯಸ್ಕರಿಗೆ ಈ ಸಾಧನವನ್ನು ಶಿಫಾರಸು ಮಾಡಿದೆ. ಅಲ್ಪ ಹಾಗೂ ಮಧ್ಯಮ ಪ್ರಮಾಣದ ಕಾಯಿಲೆಯಲ್ಲಿ ಉತ್ತಮ ಫಲಿತಾಂಶ ನಿರೀಕ್ಷಿಸಬಹುದು. ತೀವ್ರ ಕಾಯಿಲೆ ಇರುವವರು ಮೊದಲು ಸಿಪ್ಯಾಪ್ ಬಳಸಲು ಪ್ರಯತ್ನಿಸುವುದು ಸೂಕ್ತ.

ಯಾರಿಗೆ ಸೂಕ್ತವಲ್ಲ?

1. ಸಾಧನವನ್ನು ಹಿಡಿದಿಡಲು ಸಾಕಷ್ಟು ಗಟ್ಟಿ ಹಲ್ಲುಗಳಿಲ್ಲದವರಿಗೆ.
2. ವಸಡಿನ ರೋಗದಿಂದ ಹಲ್ಲುಗಳು ಅಲುಗಾಡುತ್ತಿರುವವರಿಗೆ.
3. ದವಡೆಯ ಕೀಲಿನಲ್ಲಿ ತೀವ್ರ ನೋವಿರುವವರಿಗೆ ಅಥವಾ ಕೆಳದವಡೆಯನ್ನು ಮುಂದಕ್ಕೆ ಚಾಚಲಾಗದವರಿಗೆ.
4. ಮೆದುಳಿನ ಸಂಕೇತದ ದೋಷದಿಂದ ಉಸಿರು ನಿಲ್ಲುವ ಬಗೆಯ ಕಾಯಿಲೆ ಇರುವವರಿಗೆ.

ಮಕ್ಕಳಲ್ಲಿ ಕಾಯಿಲೆಯ ಕಾರಣವು ಬಹುಪಾಲು ಟಾನ್ಸಿಲ್ ಮತ್ತು ಅಡಿನಾಯ್ಡ್ ಊತವಾಗಿರುವುದರಿಂದ ಅವರನ್ನು ಮೊದಲು ಮಕ್ಕಳ ತಜ್ಞರಿಗೆ ಅಥವಾ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸತಕ್ಕದ್ದು.

ಸಾಧನ ಪಡೆಯುವ ಕ್ರಮ

1. ವೈದ್ಯರನ್ನು ಭೇಟಿಯಾಗಿ ನಿದ್ರಾ ಪರೀಕ್ಷೆ ಮಾಡಿಸಿಕೊಳ್ಳುವುದು. ರೋಗಿಯ ನಿದ್ರೆಯನ್ನು ಗಮನಿಸಿದ ಕುಟುಂಬದ ಸದಸ್ಯರು ಜೊತೆಗಿದ್ದರೆ ಅನುಕೂಲ.
2. ವೈದ್ಯರ ಲಿಖಿತ ಶಿಫಾರಸಿನೊಂದಿಗೆ ದಂತವೈದ್ಯರಿಂದ ಹಲ್ಲು, ವಸಡು ಹಾಗೂ ದವಡೆಯ ಕೀಲಿನ ತಪಾಸಣೆ ಮಾಡಿಸಿಕೊಳ್ಳುವುದು. ಹುಳುಕು ಹಲ್ಲು ಇದ್ದಲ್ಲಿ ಮೊದಲು ಅದಕ್ಕೆ ಚಿಕಿತ್ಸೆ ಪಡೆಯುವುದು.
3. ಹಲ್ಲುಗಳ ಅಚ್ಚು ನೀಡಿ ತಮ್ಮ ಅಳತೆಗೆ ತಕ್ಕ ಸಾಧನ ಮಾಡಿಸಿಕೊಳ್ಳುವುದು.
4. ದಂತವೈದ್ಯರ ಸೂಚನೆಯಂತೆ ಕೆಲವು ವಾರಗಳ ಅವಧಿಯಲ್ಲಿ ದವಡೆಯ ಸ್ಥಾನವನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಹೊಂದಿಸಿಕೊಳ್ಳುವುದು.
5. ಹೊಂದಾಣಿಕೆ ಮುಗಿದ ನಂತರ ಸಾಧನವನ್ನು ಧರಿಸಿಯೇ ಮತ್ತೊಮ್ಮೆ ನಿದ್ರಾ ಪರೀಕ್ಷೆಗೆ ಒಳಗಾಗುವುದು.

ಬಿಸಿನೀರಿನಲ್ಲಿ ಮೆದುಗೊಳಿಸಿ ತಾವೇ ಕಚ್ಚಿ ಅಚ್ಚು ಮಾಡಿಕೊಳ್ಳುವ ಸಿದ್ಧ ಸಾಧನಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅಳತೆಗೆ ತಕ್ಕಂತೆ ತಯಾರಿಸಿ ಹೊಂದಿಸಿದ ಸಾಧನಕ್ಕೆ ಇವು ಸಮನಲ್ಲ.

ಮರುಪರೀಕ್ಷೆ ಏಕೆ ಅವಶ್ಯಕ?

ಸಾಧನ ಧರಿಸಿದವರಲ್ಲಿ ಗೊರಕೆ ಬೇಗನೆ ಕಡಿಮೆಯಾಗುತ್ತದೆ. ಮನೆಯವರಿಗೆ ನೆಮ್ಮದಿ ದೊರೆಯುತ್ತದೆ. ಅನೇಕರು ಇಲ್ಲಿಗೇ ಚಿಕಿತ್ಸೆ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಗೊರಕೆ ನಿಂತ ಮಾತ್ರಕ್ಕೆ ಕಾಯಿಲೆ ನಿಂತಿದೆ ಎಂದು ತಿಳಿಯಲಾಗದು. ಉದಾಹರಣೆಗೆ, ಗಂಟೆಗೆ 40 ಬಾರಿ ಉಸಿರುಕಟ್ಟುತ್ತಿದ್ದ ವ್ಯಕ್ತಿಯಲ್ಲಿ ಸಾಧನದಿಂದ ಅದು 22ಕ್ಕೆ ಇಳಿಯಿತೆಂದು ಭಾವಿಸೋಣ. ಗೊರಕೆ ಕೇಳಿಸದಿರಬಹುದು. ಆದರೂ 7 ಗಂಟೆಗಳ ನಿದ್ರೆಯಲ್ಲಿ 154 ಬಾರಿ ಉಸಿರುಕಟ್ಟುತ್ತಿರುತ್ತದೆ ಮತ್ತು ಕಾಯಿಲೆ ಮಧ್ಯಮ ಪ್ರಮಾಣದಲ್ಲಿಯೇ ಉಳಿದಿರುತ್ತದೆ. ಮೊದಲು ಎಚ್ಚರಿಕೆ ನೀಡುತ್ತಿದ್ದ ಸದ್ದು ಅಡಗಿರುವುದರಿಂದ ಮನೆಯವರ ಗಮನಕ್ಕೂ ಅದು ಬರುವುದಿಲ್ಲ. ಆದುದರಿಂದ ಮರುಪರೀಕ್ಷೆಯನ್ನು ಐಚ್ಛಿಕವೆಂದು ಭಾವಿಸಬಾರದು.

ಅಡ್ಡಪರಿಣಾಮಗಳು ಮತ್ತು ನಿರ್ವಹಣೆ

ಆರಂಭದಲ್ಲಿ ಜೊಲ್ಲು ಹೆಚ್ಚುವುದು ಅಥವಾ ಬಾಯಿ ಒಣಗುವುದು, ಹಲ್ಲು ಮತ್ತು ದವಡೆಯಲ್ಲಿ ನೋವು ಕಾಣಿಸಬಹುದು. ಇವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ. ವರ್ಷಗಳ ಬಳಕೆಯಿಂದ ಹಲ್ಲುಗಳ ಕಚ್ಚುವಿಕೆಯಲ್ಲಿ ಬದಲಾವಣೆ ಆಗಬಹುದಾದ ಕಾರಣ ದಂತವೈದ್ಯರ ನಿಯಮಿತ ತಪಾಸಣೆ ಅಗತ್ಯ. ಪ್ರತಿದಿನ ಬೆಳಿಗ್ಗೆ ಸಾಧನವನ್ನು ಮೃದುವಾದ ಬ್ರಷ್ಷಿನಿಂದ ತಣ್ಣೀರಿನಲ್ಲಿ ತೊಳೆದು ಒಣಗಿಸಿಡಬೇಕು. ಕುದಿಯುವ ನೀರನ್ನು ಬಳಸಬಾರದು. ಸಾಧನವು ಧರಿಸಿದ ರಾತ್ರಿಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ತೂಕ ಇಳಿಸುವುದು, ಮದ್ಯಪಾನ ತ್ಯಜಿಸುವುದು ಹಾಗೂ ಮಗ್ಗುಲಾಗಿ ಮಲಗುವುದು ಚಿಕಿತ್ಸೆಗೆ ಪೂರಕವಾಗಿವೆ.

ವಾಹನ ಚಾಲಕರ ಗಮನಕ್ಕೆ

ಬಸ್ಸು, ಲಾರಿ ಹಾಗೂ ಟ್ಯಾಕ್ಸಿ ಚಾಲಕರಿಗೆ ಹಗಲಿನ ತೂಕಡಿಕೆ ಪ್ರಾಣಾಪಾಯ ತರಬಲ್ಲದು. ಚಾಲನಾ ಪರವಾನಗಿಗಾಗಿ ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಪಡೆಯುವ ಸಂದರ್ಭದಲ್ಲಿ ಗೊರಕೆ ಮತ್ತು ತೂಕಡಿಕೆಯ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು. ಸಾಧನ ಪಡೆದ ಚಾಲಕರು ಮರುಪರೀಕ್ಷೆಯ ಫಲಿತಾಂಶ ತಿಳಿಯುವವರೆಗೆ ದೀರ್ಘ ಹಾಗೂ ರಾತ್ರಿ ಚಾಲನೆಯ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು.

ಎಲ್ಲಿ ಸಂಪರ್ಕಿಸಬೇಕು?

ಪ್ರಥಮ ಹಂತದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಂಡು, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರಾ ಸಂಬಂಧಿ ಕಾಯಿಲೆಗಳ ತಪಾಸಣೆ ನಡೆಯುತ್ತದೆ. ದಂತ ತಪಾಸಣೆಗಾಗಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳನ್ನು ಸಂಪರ್ಕಿಸಬಹುದು. ಸಾಧನ ತಯಾರಿಕೆಯ ಸೌಲಭ್ಯ, ಶುಲ್ಕ ಹಾಗೂ ರಿಯಾಯಿತಿಯ ಬಗ್ಗೆ ಆಯಾ ಸಂಸ್ಥೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು. ವಿಮೆ ಅಥವಾ ವೈದ್ಯಕೀಯ ವೆಚ್ಚ ಮರುಪಾವತಿ ಬಯಸುವವರು ಸಾಧನ ಮಾಡಿಸುವ ಮೊದಲೇ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ.

ಭೇಟಿಯ ಸಮಯದಲ್ಲಿ ಗುರುತಿನ ಚೀಟಿ, ಪಡಿತರ ಚೀಟಿ, ಹಿಂದಿನ ಚಿಕಿತ್ಸೆಯ ದಾಖಲೆಗಳು, ಸೇವಿಸುತ್ತಿರುವ ಔಷಧಿಗಳ ಪಟ್ಟಿ ಹಾಗೂ ನಿದ್ರಾ ಪರೀಕ್ಷೆಯ ವರದಿಯನ್ನು ತಪ್ಪದೆ ಕೊಂಡೊಯ್ಯುವುದು. ಮೊದಲನೆಯ ವರದಿಯನ್ನು ಜೋಪಾನವಾಗಿಡಬೇಕು. ಮರುಪರೀಕ್ಷೆಯ ವರದಿಯನ್ನು ಅದರೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ಚಿಕಿತ್ಸೆಯ ನೈಜ ಫಲ ತಿಳಿಯುತ್ತದೆ.