ಮನೆಯಲ್ಲಿ ಜೆಟ್ ಎಂಜಿನು ಮಾಡಬಹುದೇ?

"ಮಾಸ್ಟ್ರೇ, ಓಡುವ ಜೆಟ್ ಎಂಜಿನನ್ನು ಮನೆಯಲ್ಲೇ ಮಾಡಲಿಕ್ಕಾಗುತ್ತದಾ?"

ನ್ಯೂಟನ್ನನ ಮೂರನೆಯ ನಿಯಮವನ್ನು ಬೋರ್ಡಿನಲ್ಲಿ ಬರೆದು ತಿರುಗಿದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಮ್ಮನ್ನು ಕೇಳಿದ ಪ್ರಶ್ನೆಯಿದು. ತಗಡಿನ ಡಬ್ಬಿ, ಹಳೆಯ ಟೇಬಲ್ ಫ್ಯಾನು, ಒಂದು ಬಾಟ್ಲಿ ಸೀಮೆಎಣ್ಣೆ ಅವನು ಆಗಲೇ ಕೂಡಿಸಿಟ್ಟಿದ್ದ. ಸೀಮೆಎಣ್ಣೆ ಎಂದೊಡನೆ ನಾವು "ಬೇಡ" ಎಂದೆವು. ಅವನ ಮುಖ ಬಾಡಿತು. ಬೇಡ ಎನ್ನುವುದು ಸುಲಭ. ಬದಲಿಗೆ ಏನು ಕೊಡಬೇಕೆಂಬುದೇ ಅಧ್ಯಾಪಕರ ಕಷ್ಟ. ಮರುದಿನ ಅವನಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಜೆಟ್ ಎಂಜಿನಿನ ತತ್ತ್ವ ಸರಳವಾದುದು. ಮುಂದಿನಿಂದ ಗಾಳಿಯನ್ನು ಎಳೆದುಕೊಂಡು ಒತ್ತುವುದು, ಎಣ್ಣೆ ಬೆರೆಸಿ ಉರಿಸುವುದು, ಬಿಸಿ ಗಾಳಿಯನ್ನು ರಭಸದಿಂದ ಹಿಂದಕ್ಕೆ ಬಿಡುವುದು. ಕಮ್ಮಾರನ ತಿದಿಯಂತೆ ಇಲ್ಲಿಯೂ ಒಂದು ಚಕ್ರ ಬೆಂಕಿಗೆ ಗಾಳಿ ಊದುತ್ತದೆ. ಆದರೆ ತಿದಿ ಒತ್ತಲು ಆಳು ಬೇಕು. ಜೆಟ್ಟಿನಲ್ಲಿ ಹೊರಹೋಗುವ ಬಿಸಿ ಗಾಳಿಯೇ ಹಿಂದಿನ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನಲ್ಲಿರುವ ಮುಂದಿನ ಚಕ್ರವೂ ಅದರೊಡನೆ ತಿರುಗುತ್ತದೆ. ಹೀಗೆ ತಾನಾಗಿ ತಿರುಗುತ್ತಲೇ ಇರುವಂತೆ ಮಾಡುವುದೇ ಕಠಿಣ.

ಎಷ್ಟು ಕಠಿಣವೆಂದು ತಿಳಿಯಲು ಜರ್ಮನಿಯ ಗೊಟ್ಟಿಂಗೆನ್ ಪಟ್ಟಣಕ್ಕೆ ಹೋಗಬೇಕು. 1935ರ ಸುಮಾರಿಗೆ ಅಲ್ಲಿನ ತರುಣ ಭೌತವಿಜ್ಞಾನಿ ಹಾನ್ಸ್ ಫಾನ್ ಓಹೈನ್, ಮ್ಯಾಕ್ಸ್ ಹಾನ್ ಎಂಬ ಗ್ಯಾರೇಜು ಮೆಕ್ಯಾನಿಕನಿಂದ ಜೆಟ್ ಎಂಜಿನಿನ ಮಾದರಿಯೊಂದನ್ನು ಮಾಡಿಸಿದರು. ಖರ್ಚು ಸುಮಾರು 1,000 ಮಾರ್ಕ್, ಸ್ವಂತ ಕೈಯಿಂದಲೇ. ಪೆಟ್ರೋಲು ಒಳಗೆ ಸರಿಯಾಗಿ ಉರಿಯದೆ ಹಿಂದಿನಿಂದ ಉದ್ದನೆಯ ಜ್ವಾಲೆ ಹೊರಟಿತು. ವಿದ್ಯುತ್ ಮೋಟಾರಿನ ನೆರವಿಲ್ಲದೆ ಎಂಜಿನು ತಿರುಗಲಿಲ್ಲ. ಆದರೂ ಗುರುಗಳಾದ ಪ್ರೊಫೆಸರ್ ಪೋಲ್ ಶಿಷ್ಯನ ಕೈಬಿಡದೆ, ವಿಮಾನ ತಯಾರಕ ಹೈಂಕೆಲ್‌ಗೆ ಶಿಫಾರಸು ಮಾಡಿದರು. 1936ರಲ್ಲಿ ಓಹೈನ್, ಹಾನ್ ಇಬ್ಬರಿಗೂ ಅಲ್ಲಿ ಕೆಲಸ ದೊರೆಯಿತು. 1939ರ ಆಗಸ್ಟ್ 27ರಂದು ಅವರ ಎಂಜಿನಿನಿಂದ ಜಗತ್ತಿನ ಮೊದಲ ಜೆಟ್ ವಿಮಾನ ಹಾರಿತು.

ಅದೇ ವರ್ಷಗಳಲ್ಲಿ, ಅದೇ ಪಟ್ಟಣದಲ್ಲಿ, ನಮ್ಮ ದೇಶದ ತರುಣರೊಬ್ಬರು ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿ ಗಾಳಿಯ ಚಲನೆಯ ಶಾಸ್ತ್ರವನ್ನು ಅಭ್ಯಸಿಸಿ 1936ರಲ್ಲಿ ಡಾಕ್ಟರೇಟ್ ಪಡೆದರು. ಅವರೇ ವಿಷ್ಣು ಮಾಧವ ಘಾಟಗೆ. 1908ರಲ್ಲಿ ಹುಟ್ಟಿದುದು ಕೊಲ್ಲಾಪುರ ಜಿಲ್ಲೆ ಗಡಹಿಂಗ್ಲಜದ ಹಸೂರಚಂಪು ಎಂಬ ಹಳ್ಳಿಯಲ್ಲಿ. ಕಾಸರಗೋಡಿನಂತೆ ಅದೂ ಗಡಿನಾಡು. ಅಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಕೇಳಿಬರುತ್ತದೆ. ಕೊಲ್ಲಾಪುರದ ಎರಕದ ಕಾರ್ಖಾನೆಗಳೂ ಇಚಲಕರಂಜಿಯ ವಿದ್ಯುತ್ ಮಗ್ಗಗಳೂ ಆ ಸೀಮೆಯ ಯಂತ್ರದ ನಂಟಿಗೆ ಸಾಕ್ಷಿ. ಘಾಟಗೆಯವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಎಚ್.ಟಿ.-2 ತರಬೇತಿ ವಿಮಾನದ ವಿನ್ಯಾಸದ ಮುಂದಾಳಾದರು. 1951ರಲ್ಲಿ ಅದು ಹಾರಿತು. 1964ರಲ್ಲಿ 'ಕಿರಣ್' ಜೆಟ್ ತರಬೇತಿ ವಿಮಾನವೂ ಹಾರಿತು. ವಿಮಾನ ನಮ್ಮದು, ಎಂಜಿನು ಮಾತ್ರ ಬ್ರಿಟನ್ನಿನ ವೈಪರ್. ಇಂದಿನ 'ತೇಜಸ್' ಕೂಡ ಅಮೆರಿಕದ ಎಂಜಿನಿನಿಂದಲೇ ಹಾರುತ್ತಿದೆ. ಹೀಗಿರುವಾಗ ಮಕ್ಕಳ ಡಬ್ಬಿ ತಾನಾಗಿ ತಿರುಗದಿದ್ದರೆ ನಾಚಿಕೆಯೇನು?

ಮನೆಯಲ್ಲಿ ಗೆದ್ದವರೂ ಇದ್ದಾರೆ. ಜರ್ಮನಿಯ ಕುರ್ಟ್ ಷ್ರೆಕ್ಲಿಂಗ್ ಪ್ಲೈವುಡ್ಡಿನ ಚಕ್ರವಿಟ್ಟು, ಆಟದ ವಿಮಾನ ಹಾರಿಸುವಷ್ಟು ಶಕ್ತಿಯ ಪುಟ್ಟ ಜೆಟ್ ಎಂಜಿನು ಮಾಡಿದರು. ಆದರೆ ಅಂಥ ಚಕ್ರ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಆದ್ದರಿಂದ ಹುಡುಗರ ಕೈಗೆ ಎಣ್ಣೆಯೂ ಬೇಡ, ಗ್ಯಾಸೂ ಬೇಡ.

ಬೆಂಕಿಯಿಲ್ಲದ ಮಾದರಿಯೊಂದನ್ನು ನಾವು ಸೂಚಿಸಿದೆವು. ತೆಳು ತಗಡಿನ ಎರಡು ಬಿಲ್ಲೆಗಳನ್ನು ಎಸಳು ಎಸಳಾಗಿ ಕತ್ತರಿಸಿ, ಎಸಳುಗಳನ್ನು ಓರೆ ಮಾಡಿ, ಒಂದು ಸೈಕಲ್ ಕಡ್ಡಿಯ ಎರಡು ತುದಿಗಳಿಗೆ ಬಿಗಿಯಬೇಕು. ನಡುವೆ ರಟ್ಟಿನ ಗೋಡೆ. ಒಂದು ಚಕ್ರಕ್ಕೆ ಫ್ಯಾನಿನ ಗಾಳಿ ಬಿಟ್ಟರೆ ಗೋಡೆಯಾಚೆಯ ಚಕ್ರವೂ ತಿರುಗಿ ಗಾಳಿ ಬೀಸಬೇಕು.

ವಾರದೊಳಗೆ ಹುಡುಗ ಅದನ್ನು ಶಾಲೆಗೆ ತಂದ. ಆಚೆ ತೂಗಹಾಕಿದ ಕಾಗದದ ಚೂರು ಅಲುಗಿತು. ಫ್ಯಾನು ನಿಲ್ಲಿಸಿದಾಗ ಚಕ್ರವೂ ನಿಂತಿತು.

"ನಿಂತೇ ಹೋಯಿತಲ್ಲ ಮಾಸ್ಟ್ರೇ," ಎಂದ.

"ಓಹೈನರದೂ ನಿಂತಿತ್ತು," ಎಂದೆವು.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಯಂತ್ರವಿದ್ಯೆ ದೂರವೆಂದು ಮೊದಲೇ ತೀರ್ಮಾನಿಸಬೇಡಿ. ಗಾಳಿಯ ಒತ್ತಡವನ್ನು ಕನ್ನಡದಲ್ಲಿಯೂ ತಿಳಿಯಬಹುದು. ತಗಡು, ಕತ್ತರಿ ಕೇಳಿದರೆ ಗದರಿಸದೆ, ಹತ್ತಿರ ಕುಳಿತು ನೋಡಿ. ಸೀಮೆಎಣ್ಣೆ ಬಾಟ್ಲಿಯನ್ನು ಮಾತ್ರ ಎತ್ತಿಡಿ.